ತೊಗರಿ, ಜೋಳ, ಚಾತಕ: ಹೆಚ್ಚು ಜನ ಹೋಗದ ಉಷ್ಣವಲಯದ ದೇಶಗಳಲ್ಲಿ ನಾವು ಯಾವುದನ್ನು ಆರಿಸಿಕೊಳ್ಳಬೇಕು?

ಭೀಮಾತೀರ (ಕಲಬುರಗಿ)

ಬಲ್ಲವರೆಲ್ಲರಿಗೂ ನಮಸ್ಕಾರ. ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ ಕಳೆದ ವರ್ಷ ನಿವೃತ್ತನಾಗಿದ್ದೇನೆ. ನನಗೀಗ 61 ವರ್ಷ. ನಮ್ಮ ಮನೆಯವರು ಚಿತ್ರಕಲಾ ಶಿಕ್ಷಕಿ. ಅವರಿಗೆ ಬೇಸಿಗೆ ರಜೆಗೆ ಇನ್ನೊಂದು ವಾರ ಗಳಿಕೆ ರಜೆ ಸೇರಿಸಿಕೊಂಡರೆ ಮೂರು ವಾರ ಒಟ್ಟಿಗೆ ಸಿಗುತ್ತದೆ. ಇಬ್ಬರೂ ಈವರೆಗೆ ದೇಶದ ಹೊರಗೆ ಕಾಲಿಟ್ಟವರಲ್ಲ. ಬಂಧುಗಳೆಲ್ಲ ದುಬೈ, ಸಿಂಗಪುರ, ಥಾಯ್ಲೆಂಡ್ ಎನ್ನುತ್ತಾರೆ. ಎತ್ತರದ ಕಟ್ಟಡಗಳನ್ನೂ ಅಂಗಡಿಸಾಲುಗಳನ್ನೂ ನೋಡಲು ಜೀವಮಾನದ ಉಳಿತಾಯ ಖರ್ಚು ಮಾಡುವ ಮನಸ್ಸು ನಮಗಿಬ್ಬರಿಗೂ ಇಲ್ಲ. ಕಾಡಿನಲ್ಲಿ ನಡೆಯಬೇಕು, ಹಕ್ಕಿ ನೋಡಬೇಕು, ಅಲ್ಲಿಯ ಜನ ಏನು ಬಿತ್ತುತ್ತಾರೆ, ಏನು ಉಣ್ಣುತ್ತಾರೆ, ಗೋಡೆಯ ಮೇಲೆ ಏನು ಬರೆಯುತ್ತಾರೆ, ಹಬ್ಬದ ದಿನ ಹೇಗೆ ಕುಣಿಯುತ್ತಾರೆ ಎಂಬುದನ್ನು ಹತ್ತಿರದಿಂದ ಕಾಣಬೇಕು ಎಂಬುದಷ್ಟೇ ಆಸೆ.

ಉಷ್ಣವಲಯವನ್ನೇ ಆರಿಸಿಕೊಳ್ಳುವುದಕ್ಕೆ ಒಂದು ಕಾರಣವಿದೆ. ಕಲಬುರಗಿ 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ನಾವೂ ಉಷ್ಣವಲಯದವರೇ. ನಮ್ಮ ಮನೆಯ ಹಿಂದಿನ ಬೇವಿನ ಮರಕ್ಕೆ ಪ್ರತಿ ವರ್ಷ ಮೃಗಶಿರಾ ಮಳೆಯ ಆಸುಪಾಸಿನಲ್ಲಿ ಚಾತಕ ಪಕ್ಷಿ ಬರುತ್ತದೆ. ಕಪ್ಪು ಬಿಳುಪಿನ ಮೈ, ತಲೆಯ ಮೇಲೆ ಜುಟ್ಟು, ಪಿಯೂ ಪಿಯೂ ಎಂಬ ಕೂಗು. ಮುಂಗಾರಿನ ಗಾಳಿಯ ಜೊತೆ ಆಫ್ರಿಕದ ಕಡೆಯಿಂದ ಅರಬ್ಬೀ ಸಮುದ್ರ ದಾಟಿ ಬರುವ ಹಕ್ಕಿ ಅದು. ಮೊದಲ ಕೂಗು ಕೇಳಿದ ದಿನಾಂಕವನ್ನು ಇಪ್ಪತ್ತೆರಡು ವರ್ಷಗಳಿಂದ ಒಂದು ವಹಿಯಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಆ ಹಕ್ಕಿ ಎಲ್ಲಿಂದ ಹೊರಡುತ್ತದೆಯೋ ಆ ಸೀಮೆಯನ್ನು ಒಮ್ಮೆ ನೋಡಬೇಕೆಂಬುದು ಬಹಳ ದಿನಗಳ ಹಂಬಲ.

ಸುರಿನಾಮ್, ಸಾವೊ ತೊಮೆ, ಲಾವೋಸ್, ಇಥಿಯೋಪಿಯಾ, ಮಲಾವಿ, ಮಡಗಾಸ್ಕರ್ ಎಂದು ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ನಾವು ಸಸ್ಯಾಹಾರಿಗಳು. ಹಿಂದಿ, ಇಂಗ್ಲಿಷ್ ಬರುತ್ತದೆ. ಈ ದೇಶಗಳಲ್ಲಿ ಯಾವುದನ್ನಾದರೂ ಕಂಡವರು ದಯವಿಟ್ಟು ವಿವರವಾಗಿ ಬರೆಯಬೇಕು.

ಹಬ್ಶಿಕೋಟೆ (ಬೀದರ್)

ಗುರುಗಳೇ, ಎರಡು ವರ್ಷಗಳ ಹಿಂದೆ ನಾನು ಇಥಿಯೋಪಿಯಾಕ್ಕೆ ಹೋಗಿ ಹದಿನೆಂಟು ದಿನ ಇದ್ದು ಬಂದೆ. ನನಗೂ ನಿಮ್ಮ ಚಾತಕದಂಥದೇ ಒಂದು ನೆಪವಿತ್ತು. ಬೀದರಿನ ಪೂರ್ವಕ್ಕಿರುವ ಹಬ್ಶಿಕೋಟೆಯ ಗುಡ್ಡದ ಮೇಲೆ ಗೋರಿಗಳ ನಡುವೆ ಆಡಿ ಬೆಳೆದವನು ನಾನು. ಹಬ್ಶಿ ಎಂದರೆ ಅಬಿಸೀನಿಯಾದವನು, ಅಂದರೆ ಇಥಿಯೋಪಿಯಾದವನು ಎಂಬುದು ದೊಡ್ಡವನಾದ ಮೇಲೆ ತಿಳಿಯಿತು. ಗುಲಾಮರಾಗಿ ಸಮುದ್ರ ದಾಟಿ ಬಂದವರು ಬಹಮನಿಗಳ ದರ್ಬಾರಿನಲ್ಲಿ ಸರದಾರರಾದರು. 1548ರ ಸುಮಾರಿಗೆ ಅಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ ದಖ್ಖನ್ನಿಗೆ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿ, ಮೊಗಲರನ್ನು ವರ್ಷಾನುಗಟ್ಟಲೆ ತಡೆದು, 1626ರಲ್ಲಿ ತೀರಿಕೊಂಡ. ಅಂಥವರು ಹೊರಟ ಊರುಗಳು ಹೇಗಿವೆ ಎಂದು ನೋಡಲು ಹೋದೆ.

ಊಟದ ಮಾತು ಮೊದಲು ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯವರು ಹಿಂಜರಿಯುವುದೇ ಅಲ್ಲಿ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ಮತ್ತು ದೀರ್ಘ ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಅಂಥ ದಿನಗಳು ವರ್ಷದಲ್ಲಿ 180ಕ್ಕೂ ಹೆಚ್ಚು. ಆದ್ದರಿಂದ ಉಪವಾಸದ ಊಟ ಎಂದು ಕೇಳಿದರೆ ಸಣ್ಣ ಖಾನಾವಳಿಯಲ್ಲೂ ಸಿಗುತ್ತದೆ. ಟೆಫ್ ಎಂಬ ಸಾಸಿವೆಗಿಂತಲೂ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದ ಇಂಜೆರಾ ನಮ್ಮ ದೋಸೆಯ ಬಂಧು. ಅದರ ಮೇಲೆ ಶಿರೊ ಎಂದು ಕಡಲೆ, ಬಟಾಣಿಗಳ ಹಿಟ್ಟನ್ನು ಮಸಾಲೆ ಹಾಕಿ ಕುದಿಸಿ ಬಡಿಸುತ್ತಾರೆ. ಮೊದಲ ತುತ್ತಿಗೇ ನನ್ನ ತಾಯಿ ಮಾಡುವ ಝುಣಕ ನೆನಪಾಗಿ, ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.

ದಕ್ಷಿಣದ ಅರ್ಬಾ ಮಿಂಚ್ ಊರಿನಿಂದ ಕೊನ್ಸೊ ಎಂಬ ಗುಡ್ಡಗಾಡು ಸೀಮೆಗೆ ಹೋಗಬಹುದು. ಕಲ್ಲು ಜೋಡಿಸಿ ಇಡೀ ಗುಡ್ಡಗಳನ್ನೇ ಮೆಟ್ಟಿಲು ಹೊಲಗಳನ್ನಾಗಿ ಮಾಡಿದ ಜನ ಅವರು. 2011ರಲ್ಲಿ ಆ ಭೂದೃಶ್ಯ ಯುನೆಸ್ಕೋ ಪಟ್ಟಿಗೆ ಸೇರಿತು. ಅವರ ಮುಖ್ಯ ಬೆಳೆ ಜೋಳ! ಜೋಳದ ಹಿಟ್ಟಿನ ಉಂಡೆಗಳನ್ನು ನುಗ್ಗೆಯ ಜಾತಿಯದೇ ಆದ ಒಂದು ಮರದ ಸೊಪ್ಪಿನ ಜೊತೆ ಬೇಯಿಸಿ ಉಣ್ಣುತ್ತಾರೆ. ನಮ್ಮ ಜೋಳ ಮೂಲದಲ್ಲಿ ಆಫ್ರಿಕದ್ದು. ಪೂರ್ವ ಸುಡಾನಿನಲ್ಲಿ ಸುಮಾರು 5000 ವರ್ಷಗಳ ಹಿಂದೆ ಅದನ್ನು ಬೇಸಾಯಕ್ಕೆ ಒಗ್ಗಿಸಿಕೊಂಡಿದ್ದರ ಕುರುಹು ಸಿಕ್ಕಿದೆ. ರೊಟ್ಟಿ ತಟ್ಟುವ ಸೀಮೆಯಿಂದ ಹೋದ ನಾನು ಆ ಉಂಡೆಯನ್ನು ಕೈಯಲ್ಲಿ ಹಿಡಿದು, ಇದು ನಮ್ಮ ಅಜ್ಜನ ಮನೆಯ ಅಜ್ಜನ ಮನೆ ಎಂದುಕೊಂಡೆ.

ಅಕ್ಕನವರಿಗೆ ಬಟ್ಟೆ, ನೇಯ್ಗೆ ಇಷ್ಟವಿದ್ದರೆ ಅರ್ಬಾ ಮಿಂಚ್ ಮೇಲಿನ ಬೆಟ್ಟದಲ್ಲಿರುವ ಡೋರ್ಜೆ ಜನರ ಹಳ್ಳಿಗಳನ್ನು ಬಿಡಬಾರದು. ಹೆಣ್ಣುಮಕ್ಕಳು ನೂಲುತ್ತಾರೆ, ಗಂಡಸರು ನೇಯುತ್ತಾರೆ. ಬಿದಿರಿನಲ್ಲಿ ಹೆಣೆದ ಎತ್ತರದ ಮನೆಗಳು ಎದುರಿನಿಂದ ಆನೆಯ ಮುಖದಂತೆ ಕಾಣುತ್ತವೆ.

ಹೊತ್ತಿನ ಲೆಕ್ಕದಲ್ಲಿ ಎಚ್ಚರವಿರಲಿ. ಅಲ್ಲಿ ಗಡಿಯಾರ ಸೂರ್ಯೋದಯದಿಂದ ಶುರುವಾಗುತ್ತದೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ಚಾಲಕರು ಎರಡು ಗಂಟೆಗೆ ಬರುತ್ತೇನೆಂದಾಗ ನಾನು ಮಧ್ಯಾಹ್ನವೆಂದು ತಿಳಿದೆ. ಅವರು ಬೆಳಗಿನ ಎಂಟಕ್ಕೆ ಬಾಗಿಲು ತಟ್ಟಿದರು.

ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ ಲಾಲಿಬೆಲಾದ 11 ಇಗರ್ಜಿಗಳನ್ನು ನೋಡಬೇಕೆಂದೇ ನಾನು ಹೊರಟಿದ್ದೆ. ಆದರೆ ಅಮ್ಹಾರಾ ಪ್ರಾಂತದಲ್ಲಿ 2023ರಿಂದ ಸಶಸ್ತ್ರ ಸಂಘರ್ಷ ನಡೆದಿರುವುದರಿಂದ ಅದನ್ನು ಬಿಟ್ಟುಬಿಟ್ಟೆ. ಆಸೆಯನ್ನು ಬಿಡುವುದು ಕಷ್ಟವಾಯಿತು, ಆದರೂ ಸರಿಯಾದ ನಿರ್ಧಾರವೆಂದೇ ಈಗಲೂ ತಿಳಿದಿದ್ದೇನೆ. ನೀವು ಹೊರಡುವ ಮುನ್ನ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನು ಓದಲೇಬೇಕು.

ಸಗರನಾಡು (ಶಹಾಪುರ)

ಸರ್, ನಾನು ಲಾವೋಸ್ ಬಗ್ಗೆ ಬರೆಯುತ್ತೇನೆ. ನಮ್ಮ ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದು ನಿಮಗೆ ಗೊತ್ತೇ ಇದೆ. ಮೆಕಾಂಗ್ ನದಿಯ ದಡದ ಚಂಪಾಸಕ್‌ನಲ್ಲಿ ನಿಂತು ಎದುರಿನ ಬೆಟ್ಟ ನೋಡಿದಾಗ ನನಗೆ ನಮ್ಮೂರೇ ನೆನಪಾಯಿತು. ಆ ಬೆಟ್ಟದ ನೆತ್ತಿಯಲ್ಲಿ ತಾನಾಗಿ ಎದ್ದ ಕಲ್ಲು ಲಿಂಗದ ಆಕಾರದಲ್ಲಿದೆ. ಹಿಂದಿನವರು ಅದನ್ನು ಲಿಂಗಪರ್ವತವೆಂದು ಕರೆದು, ಇಳಿಜಾರಿನಲ್ಲಿ ವಾಟ್ ಫೂ ಎಂಬ ಶಿವಾಲಯ ಕಟ್ಟಿದರು. ಈಗ ಕಾಣುವ ಕಟ್ಟಡಗಳು ಬಹುಮಟ್ಟಿಗೆ 11ರಿಂದ 13ನೆಯ ಶತಮಾನದವು, ಆದರೆ ಊರು ಅದಕ್ಕಿಂತ ಬಹಳ ಹಳೆಯದು. ದೇವಾನೀಕ ಎಂಬ ದೊರೆಯ 5ನೆಯ ಶತಮಾನದ ಸಂಸ್ಕೃತ ಶಾಸನದಲ್ಲಿ ಆ ಸ್ಥಳಕ್ಕೆ ಕುರುಕ್ಷೇತ್ರವೆಂದು ಹೆಸರಿಟ್ಟ ಮಾತಿದೆ. ಬಂಡೆಯ ಬುಡದಿಂದ ಒಸರುವ ನೀರನ್ನು ಕಲ್ಲಿನ ದೋಣಿಯ ಮೂಲಕ ಗರ್ಭಗುಡಿಯ ಲಿಂಗದ ಮೇಲೆ ಬೀಳುವಂತೆ ಹಾಯಿಸುತ್ತಿದ್ದರು. ಈಗ ಒಳಗೆ ಬುದ್ಧನ ಮೂರ್ತಿಗಳಿವೆ, ಆ ಒಸರು ಮಾತ್ರ ಇನ್ನೂ ಜಿನುಗುತ್ತದೆ. ಒಬ್ಬ ಅಜ್ಜಿ ಅದನ್ನು ಬಾಟಲಿಗೆ ಹಿಡಿದು, ಮೊದಲು ತನ್ನ ತಲೆಗೆ, ಆಮೇಲೆ ಕೇಳದೆಯೇ ನನ್ನ ತಲೆಗೆ ಚಿಮುಕಿಸಿದಳು.

ಊಟದಲ್ಲಿ ಮಾತ್ರ ಕಷ್ಟವಾಯಿತು. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾರ ಹಾಕುತ್ತಾರೆ. ಬಿದಿರಿನ ಸಣ್ಣ ಬುಟ್ಟಿಯಲ್ಲಿ ಕೊಡುವ ಅಂಟು ಅನ್ನ, ಹಣ್ಣು, ಮನೆಯಿಂದ ಒಯ್ದ ಶೇಂಗಾ ಹಿಂಡಿ, ಇಷ್ಟರಲ್ಲೇ ಹಲವು ದಿನ ಕಳೆದೆ. ಇನ್ನೊಂದು ಮಾತು: 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿದವು. ಸಿಡಿಯದೆ ಮಣ್ಣಿನಲ್ಲಿ ಉಳಿದವು ಇಂದಿಗೂ ಜನರ ಕೈಕಾಲು ತೆಗೆಯುತ್ತಿವೆ. ಹೀಗಾಗಿ ಗ್ರಾಮಾಂತರದಲ್ಲಿ ಜನ ನಡೆದು ಸವೆದ ಹಾದಿಯನ್ನು ಬಿಟ್ಟು ಹಕ್ಕಿಯ ಹಿಂದೆ ಪೊದೆಗೆ ನುಗ್ಗಬಾರದು. ನಿಮ್ಮಂಥವರಿಗೇ ಈ ಮಾತು ಒತ್ತಿ ಹೇಳುತ್ತಿದ್ದೇನೆ.

ಗಂಜ್ ಅಡತಿ (ಕಲಬುರಗಿ)

ಸರ್, ನೀವು ಪಟ್ಟಿಯಲ್ಲಿ ಬರೆದ ಮಲಾವಿಗೆ ನಾನು ಎರಡು ಸಲ ಹೋಗಿದ್ದೇನೆ, ವ್ಯಾಪಾರಕ್ಕಾಗಿ. ಎರಡನೆಯ ಸಲ ವ್ಯಾಪಾರ ಕೈಗೂಡಲಿಲ್ಲ. ಉಳಿದ ಹತ್ತು ದಿನಗಳನ್ನು ದೇಶ ನೋಡಲು ಕಳೆದೆ, ಮತ್ತು ಅದೇ ಈಗ ಹೆಚ್ಚು ನೆನಪಿನಲ್ಲಿದೆ.

ತೊಗರಿ ನಮ್ಮ ದೇಶದಲ್ಲೇ ಹುಟ್ಟಿ, ಸಮುದ್ರ ದಾಟಿ ಆಫ್ರಿಕಕ್ಕೆ ಹೋದ ಬೆಳೆ. ಹಬ್ಶಿಕೋಟೆಯವರು ಹೇಳಿದ ಜೋಳದ ಹಾದಿಗೆ ಇದು ಎದುರು ಹಾದಿ. ದಕ್ಷಿಣ ಮಲಾವಿಯ ಹಳ್ಳಿಗಳಲ್ಲಿ ಗೋವಿನಜೋಳದ ಸಾಲುಗಳ ನಡುವೆ ತೊಗರಿ ಹಾಕುತ್ತಾರೆ; ಅವರ ಚಿಚೆವಾ ಭಾಷೆಯಲ್ಲಿ ಅದರ ಹೆಸರು ನಂದೋಲೊ. ನಾವು ಮೃಗಶಿರಾದಲ್ಲಿ ಬಿತ್ತುವ ಹೊತ್ತಿಗೆ ಅವರ ಗಿಡ ಹೂ ಕಾಯಿಗೆ ಬಂದಿರುತ್ತದೆ, ಏಕೆಂದರೆ ಸಮಭಾಜಕದ ಆಚೆ ಮಳೆಗಾಲ ನವೆಂಬರಿನಿಂದ ಏಪ್ರಿಲ್. ಹಾದಿಬದಿಯಲ್ಲಿ ಒಬ್ಬ ಹೆಣ್ಣುಮಗಳು ಉಪ್ಪು ಹಾಕಿ ಬೇಯಿಸಿದ ಹಸಿ ತೊಗರಿಕಾಯಿಯನ್ನು ಬೋಗುಣಿಯಲ್ಲಿಟ್ಟು ಮಾರುತ್ತಿದ್ದಳು. ನಾನು ಕಾರಿನಿಂದ ಇಳಿದು, ಕಾಯಿಯ ತುದಿಯನ್ನು ಹಲ್ಲಿಗೆ ಕೊಟ್ಟು ಎಳೆದು ಕಾಳು ಬಾಯಿಗೆ, ಸಿಪ್ಪೆ ಹೊರಗೆ ಹಾಕಿದ್ದನ್ನು ನೋಡಿ ಅವಳು ಪಕ್ಕದವಳನ್ನು ಕರೆದು ತೋರಿಸಿದಳು. ಹೊರಗಿನವನೊಬ್ಬ ತಮ್ಮಂತೆಯೇ ತಿನ್ನುವುದನ್ನು ಅವರು ಕಂಡಿರಲಿಲ್ಲವಂತೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿಗೆ ಹಸಿ ತೊಗರಿ ಸುಲಿದು ಹಾಕುವ ನಮ್ಮ ಪದ್ಧತಿಯನ್ನು ಕೈಸನ್ನೆಯಲ್ಲೇ ವಿವರಿಸಿದೆ. ಅವರ ಹೊಲಕ್ಕೆ ಕರೆದೊಯ್ದು ಒಣಗಿದ ನಾಲ್ಕಾರು ಗಿಡ ತೋರಿಸಿದರು. ಬುಡ ಸೀಳಿ ನೋಡಿದರೆ ಅದೇ ಕಂದು ಗೆರೆ: ನೆಟೆರೋಗ. ನಮ್ಮ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ದಿನವೂ ಕೇಳುವ ದುಃಖವನ್ನು ಅಷ್ಟು ದೂರದಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ ಕೇಳಿ ಬಂದೆ.

ಊಟದ ಚಿಂತೆ ಬೇಡ. ಗೋವಿನಜೋಳದ ಹಿಟ್ಟಿನ ನ್ಸಿಮಾ ಎಂಬ ಬಿಳಿ ಮುದ್ದೆ, ಜೊತೆಗೆ ಕುಂಬಳದ ಎಳೆಸೊಪ್ಪಿಗೆ ಶೇಂಗಾ ಪುಡಿ ಹಾಕಿ ಬೇಯಿಸಿದ ಪಲ್ಯ. ಶೇಂಗಾ ಹಾಕಿದ ಸೊಪ್ಪನ್ನು ಕಲಬುರಗಿಯವರಿಗೆ ಪರಿಚಯಿಸಬೇಕಾಗಿಲ್ಲ. ಮೀನು ಹಾಕಬೇಡಿರೆಂದು ಮೊದಲೇ ಹೇಳಬೇಕು, ಅಷ್ಟೇ.

ಇನ್ನು ನಿಸರ್ಗ. ಮಲಾವಿ ಸರೋವರ 550 ಕಿಲೋಮೀಟರಿಗಿಂತ ಉದ್ದವಿದೆ. ಆಳ ಸುಮಾರು 700 ಮೀಟರು. ಅದರಲ್ಲಿರುವಷ್ಟು ಜಾತಿಯ ಮೀನು ಲೋಕದ ಬೇರಾವ ಸರೋವರದಲ್ಲಿಯೂ ಇಲ್ಲ, ಮತ್ತು ಬಹುಪಾಲು ಮೀನು ಬೇರೆಲ್ಲಿಯೂ ಸಿಗುವುದಿಲ್ಲ. 1984ರಲ್ಲೇ ಅದರ ದಕ್ಷಿಣ ತುದಿಯ ರಾಷ್ಟ್ರೀಯ ಉದ್ಯಾನ ಯುನೆಸ್ಕೋ ಪಟ್ಟಿಗೆ ಸೇರಿದೆ. ಕೇಪ್ ಮ್ಯಾಕ್ಲಿಯರ್ ಎಂಬಲ್ಲಿ ದೋಣಿಯಿಂದ ಬಗ್ಗಿದರೆ ನೀಲಿ, ಹಳದಿ ಮೀನುಗಳು ಬಂಡೆಯ ಪಾಚಿಯನ್ನು ಕೆರೆದು ತಿನ್ನುವುದು ಕಾಣುತ್ತದೆ. ತಾಯಿಮೀನು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ. ದೋಣಿಯ ಹುಡುಗ ತೋರಿಸಿದ ಒಂದು ಮೀನು ನೆರಳು ಬಿದ್ದ ಕೂಡಲೇ ಮರಿಗಳನ್ನೆಲ್ಲ ಬಾಯೊಳಗೆ ಎಳೆದುಕೊಂಡು ಕಲ್ಲಿನ ಸಂದಿಗೆ ಸರಿಯಿತು. ಶಿರೆ ನದಿಯ ದಂಡೆಯ ಲಿವೊಂಡೆ ಉದ್ಯಾನದಲ್ಲಿ ಆನೆ, ನೀರ್ಗುದುರೆಗಳನ್ನು ದೋಣಿಯಿಂದಲೇ ನೋಡಬಹುದು. 2016 ಮತ್ತು 2017ರಲ್ಲಿ ಅಲ್ಲಿಂದಲೂ ಮಜೆಟೆ ಎಂಬ ಇನ್ನೊಂದು ಅರಣ್ಯದಿಂದಲೂ ಒಟ್ಟು 520 ಆನೆಗಳನ್ನು ಲಾರಿಗಳಲ್ಲಿ ಸಾಗಿಸಿ, ಬೇಟೆಯಿಂದ ಬರಿದಾಗಿದ್ದ ನ್ಖೋಟಕೋಟ ಅರಣ್ಯಕ್ಕೆ ಬಿಟ್ಟರು.

ಎರೆಹೊಲ (ಆಳಂದ)

ಅಡತಿ ಸಾಹೇಬರೇ, ನೀವು ಬರೆದದ್ದನ್ನು ಓದಿ ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಹೆಸರು ಬಂತು. ಆದರೆ ರಾಶಿ ಮಾಡಿ ಗಾಡಿ ತುಂಬಿಕೊಂಡು ಬರುವ ಹೊತ್ತಿಗೆ ಹೊರದೇಶದ ತೊಗರಿ ಬಂದರಿನಲ್ಲಿ ಇಳಿದಿದೆ ಎಂಬ ಸುದ್ದಿಗೇ ದರ ಕುಸಿಯುತ್ತದೆ. 2016ರಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದವಾಯಿತು; 2021ರಲ್ಲಿ ಮಲಾವಿಯಿಂದ ವರ್ಷಕ್ಕೆ 50,000 ಟನ್, ಮ್ಯಾನ್ಮಾರಿನಿಂದ 1 ಲಕ್ಷ ಟನ್ ತರುವುದಾಗಿ ಒಪ್ಪಿದರು. ನನ್ನ ಹೊಲದ ಎದುರಾಳಿಯ ದೇಶಕ್ಕೆ ನಮ್ಮೂರಿನ ಗುರುಗಳು ಉಳಿತಾಯ ಕಟ್ಟಿಕೊಂಡು ಪ್ರವಾಸ ಹೋಗುವುದನ್ನು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ನಿಸರ್ಗವೇ ಬೇಕಿದ್ದರೆ ನಮ್ಮ ಚಿಂಚೋಳಿಯ ಅರಣ್ಯವಿದೆ, ಸುರಪುರ ತಾಲೂಕಿನ ಬೋನಾಳ ಕೆರೆಯಿದೆ. ಅವುಗಳನ್ನೇ ಪೂರ್ತಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಗಂಜ್ ಅಡತಿ (ಕಲಬುರಗಿ)

ನಿಮ್ಮ ಸಂಕಟ ನ್ಯಾಯವಾದದ್ದು. ಅದನ್ನು ಅಲ್ಲಗಳೆಯಲು ಈ ಮಾತು ಬರೆಯುತ್ತಿಲ್ಲ. ಆದರೆ ನಾನು ಅಲ್ಲಿ ಕಂಡದ್ದನ್ನು ಹೇಳಲೇಬೇಕು. 2017ರ ಆಗಸ್ಟಿನಲ್ಲಿ ನಮ್ಮ ಸರಕಾರ ತೊಗರಿ ಆಮದಿಗೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಇಲ್ಲಿಯ ರೈತರಿಗಾಗಿ ಅದು ಬೇಕಾಗಿತ್ತು, ಏಕೆಂದರೆ ಆ ವರ್ಷ ನಮ್ಮಲ್ಲೂ ಬೆಳೆ ವಿಪರೀತ ಬಂದು ದರ ನೆಲಕಚ್ಚಿತ್ತು. ಆದರೆ ಆಫ್ರಿಕದ ಆ ಭಾಗದಲ್ಲಿ ತೊಗರಿ ಕೊಳ್ಳುವವರೆಂದರೆ ಹೆಚ್ಚಾಗಿ ನಾವೇ. ಮೊಜಾಂಬಿಕ್, ಮಲಾವಿ, ತಾಂಜಾನಿಯಾಗಳಲ್ಲಿ ದರ ಬಿದ್ದುಹೋಯಿತು. ಮರುವರ್ಷ ನಾನು ಹೋದಾಗ ಒಂದು ಮನೆಯ ಪಡಸಾಲೆಯಲ್ಲಿ ಹಿಂದಿನ ವರ್ಷದ ಚೀಲಗಳು ಹುಳು ಹಿಡಿದು ಕೂತಿದ್ದವು. ಒಂದು ಎಕರೆಯೂ ಇಲ್ಲದ ರೈತ. ಮಗಳ ಶಾಲೆಯ ಶುಲ್ಕಕ್ಕೆಂದು ಇಟ್ಟ ಚೀಲಗಳಂತೆ. ನಾನೂ ಅವನ್ನು ಕೊಳ್ಳಲಾಗಲಿಲ್ಲ. ದೆಹಲಿಯ ಒಂದೇ ಕಾಗದ ಆಳಂದದ ರೈತನನ್ನೂ ಆ ಹಳ್ಳಿಯವನನ್ನೂ ಒಟ್ಟಿಗೆ ತಟ್ಟುತ್ತದೆ ಎಂಬುದನ್ನು ಗಂಜಿನಲ್ಲಿ ಮೂವತ್ತು ವರ್ಷ ಕೂತಿದ್ದರೂ ನಾನು ಅರಿತಿರಲಿಲ್ಲ. ಗುರುಗಳಂಥವರು ಅಲ್ಲಿ ಹೋಗಿ, ಆ ಹೊಲದಲ್ಲಿ ನಿಂತು, ಮರಳಿ ಬಂದು ನಮ್ಮಲ್ಲಿ ಮಾತಾಡಬೇಕೆಂದು ನಾನು ಬಯಸುವುದು ಅದಕ್ಕೇ.

ಎರೆಹೊಲ (ಆಳಂದ)

ಹುಳು ಹಿಡಿದ ಚೀಲದ ಮಾತು ಓದಿ ಸುಮ್ಮನಾದೆ. ದರದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಗುರುಗಳು ಹೋದರೆ ಒಂದು ಕೆಲಸ ಮಾಡಬೇಕು: ನೆಟೆರೋಗಕ್ಕೆ ಅವರು ಏನು ಉಪಾಯ ಮಾಡುತ್ತಾರೆ, ಯಾವ ತಳಿ ಹಾಕುತ್ತಾರೆ ಎಂದು ಕೇಳಿಕೊಂಡು ಬರಬೇಕು. ಬೇಕಿದ್ದರೆ ನಮ್ಮ ಮಾರುತಿ ತಳಿಯ ಒಂದು ಸೇರು ಬೀಜ ಕೊಟ್ಟು ಕಳಿಸುತ್ತೇನೆ.

ದವಾಖಾನೆ (ಯಾದಗಿರಿ)

ಬೀಜವನ್ನು ದಯವಿಟ್ಟು ಕಳಿಸಬೇಡಿ ಕಾಕಾ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬಿತ್ತನೆ ಬೀಜ ಒಯ್ಯುವುದಕ್ಕೂ ತರುವುದಕ್ಕೂ ನಿರ್ಬಂಧವಿದೆ, ಮತ್ತು ಅದು ಸರಿಯಾದದ್ದೇ. ರೋಗಗಳು ಹಾಗೆಯೇ ಸಮುದ್ರ ದಾಟುತ್ತವೆ.

ನಾನು ವೈದ್ಯೆ. ಸರ್ ಅವರ ವಯಸ್ಸು ಓದಿದ್ದರಿಂದ ಆರೋಗ್ಯದ ಮಾತು ಬರೆಯುತ್ತೇನೆ. ಇಥಿಯೋಪಿಯಾ, ಸುರಿನಾಮ್‌ಗಳಂಥ ಹಳದಿ ಜ್ವರದ ದೇಶಗಳಿಂದ ಭಾರತಕ್ಕೆ ಮರಳುವಾಗ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಚುಚ್ಚುಮದ್ದಿನ ಹತ್ತು ದಿನಗಳ ನಂತರ ಜಾರಿಗೆ ಬರುತ್ತದೆ. 2016ರಿಂದ ಅದು ಜೀವಮಾನಕ್ಕೆ ಸಾಕು. ಹೈದರಾಬಾದ್, ಬೆಂಗಳೂರು, ಮುಂಬಯಿಗಳಲ್ಲಿ ಸರಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಹಾಕಿಸಿಕೊಳ್ಳಬೇಕು. ಆದರೆ 60 ದಾಟಿದವರಿಗೆ ಮೊದಲ ಬಾರಿ ಈ ಲಸಿಕೆ ಕೊಡುವಾಗ, ವಿರಳವಾದರೂ, ತೀವ್ರ ಅಡ್ಡಪರಿಣಾಮದ ಅಪಾಯ ಸ್ವಲ್ಪ ಹೆಚ್ಚು. ಆದ್ದರಿಂದ ಸರ್, ನಿಮ್ಮ ಮಟ್ಟಿಗೆ ಇದು ವೈದ್ಯರೊಡನೆ ಕೂತು ಯೋಚಿಸಬೇಕಾದ ವಿಷಯ. ಮಲಾವಿ ಹಳದಿ ಜ್ವರದ ದೇಶವಲ್ಲ. ಆದರೆ ಅಡಿಸ್ ಅಬಾಬಾದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದು ಹೋದರೆ ಅವರೂ ಪ್ರಮಾಣಪತ್ರ ಕೇಳುತ್ತಾರೆ. ನಡುವಿನ ಕಾಯುವಿಕೆ ಕಡಿಮೆ ಇರುವ ಟಿಕೆಟ್ಟನ್ನೇ ನೋಡಿ.

ಮಲೇರಿಯಾವನ್ನು ನಮ್ಮ ಕಡೆಯ ಚಳಿಜ್ವರವೆಂದು ಹಗುರವಾಗಿ ಎಣಿಸಬೇಡಿ. ಅಲ್ಲಿಯದು ಬಹುಪಾಲು ಫಾಲ್ಸಿಪಾರಂ ಎಂಬ ಬಗೆ, ಮಿದುಳಿಗೆ ಏರುವಂಥದು. ಹೊರಡುವ ಮುನ್ನವೇ ಶುರುಮಾಡಿ, ಬಂದ ಮೇಲೂ ಹೇಳಿದಷ್ಟು ದಿನ ನುಂಗಬೇಕಾದ ಮಾತ್ರೆಗಳಿವೆ. ನನ್ನ ಬಳಿ ಬಂದ ಒಬ್ಬ ರೋಗಿ ಊರಿಗೆ ಬಂದೆನಲ್ಲ ಎಂದು ಎರಡೇ ದಿನಕ್ಕೆ ಮಾತ್ರೆ ಬಿಟ್ಟಿದ್ದರು. ಹತ್ತನೆಯ ದಿನ ಜ್ವರ ಬಂತು. ತಾವು ಆಫ್ರಿಕಕ್ಕೆ ಹೋಗಿದ್ದನ್ನು ಅವರು ಮೊದಲು ತೋರಿಸಿದ ಕಡೆ ಹೇಳಿರಲಿಲ್ಲ, ಅಲ್ಲಿಯ ವೈದ್ಯರೂ ಕೇಳಿರಲಿಲ್ಲ. ಮೂರು ದಿನ ವ್ಯರ್ಥವಾಗಿ, ಪ್ರಾಣ ಉಳಿದದ್ದೇ ಹೆಚ್ಚಾಯಿತು. ಮರಳಿದ ಮೇಲೆ ತಿಂಗಳುಗಟ್ಟಲೆ, ಯಾವ ಜ್ವರ ಬಂದರೂ ಮೊದಲ ವಾಕ್ಯದಲ್ಲೇ ಪ್ರವಾಸದ ಮಾತು ಹೇಳಬೇಕು.

ಮಲಾವಿ ಸರೋವರದಲ್ಲಿ ಬಸವನಹುಳುವಿನ ಮೂಲಕ ಹರಡುವ ಬಿಲ್‌ಹಾರ್ಜಿಯಾ ಎಂಬ ರೋಗವಿದೆ. ಜೊಂಡು ಬೆಳೆದ ನಿಂತ ನೀರಿಗೆ ಇಳಿಯದಿರುವುದು ಲೇಸು. ಇಳಿದರೆ ಬಂದ ಮೇಲೆ ತಪಾಸಣೆ ಮಾಡಿಸಿ. ಔಷಧ ಸುಲಭವಾಗಿ ಕೆಲಸ ಮಾಡುತ್ತದೆ.

ಭೀಮಾತೀರ (ಕಲಬುರಗಿ)

ಎಲ್ಲರಿಗೂ ಋಣಿಯಾಗಿದ್ದೇನೆ. ಈ ಎಲ್ಲ ಬರಹಗಳನ್ನು ನಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸುರಿನಾಮ್ ಬಗ್ಗೆ ನಾನೇ ಓದಿಕೊಂಡದ್ದು ಸ್ವಲ್ಪವಿದೆ: 1873ರ ಜೂನ್ 5ರಂದು ಲಾಲಾರೂಖ್ ಹಡಗಿನಲ್ಲಿ ಮೊದಲ ಭಾರತೀಯ ಕೂಲಿಗಳು ಅಲ್ಲಿ ಇಳಿದರು, 1916ರ ಹೊತ್ತಿಗೆ 34,000ಕ್ಕೂ ಹೆಚ್ಚು ಮಂದಿ ಹೋಗಿದ್ದರು, ದೇಶದ ಶೇಕಡ 90ಕ್ಕಿಂತ ಹೆಚ್ಚು ಭಾಗ ಇಂದಿಗೂ ಕಾಡು. ಭೋಜಪುರಿಯ ಮಗಳಂಥ ಸರ್ನಾಮಿ ಮಾತು ಕೇಳುವ ಆಸೆ ಇತ್ತು. ಆದರೆ ದಾರಿ ಬಹಳ ದೂರ, ಖರ್ಚು ಕೈಮೀರಿದ್ದು. ಸಾವೊ ತೊಮೆ ದೇಶದ ಪ್ರಿನ್ಸಿಪೆ ದ್ವೀಪದಲ್ಲಿ 1919ರ ಮೇ 29ರ ಸೂರ್ಯಗ್ರಹಣವನ್ನು ಎಡಿಂಗ್ಟನ್ ಅಳೆದು ಐನ್‌ಸ್ಟೈನರ ಸಿದ್ಧಾಂತಕ್ಕೆ ಸಾಕ್ಷಿ ಒದಗಿಸಿದರೆಂಬುದಕ್ಕಾಗಿ ಅದನ್ನು ಪಟ್ಟಿಗೆ ಸೇರಿಸಿದ್ದೆ. ಪೋರ್ಚುಗೀಸ್ ಬಾರದೆ ಜನರೊಡನೆ ಮಾತಾಡಲಾಗದು ಎಂದು ಬಿಟ್ಟೆ.

ಕೊನೆಗೆ ಉಳಿದದ್ದು ಇಥಿಯೋಪಿಯಾ ಮತ್ತು ಮಲಾವಿ. ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಬಹುದೇ?

ಹಬ್ಶಿಕೋಟೆ (ಬೀದರ್)

ವಿಮಾನಗಳ ಲೆಕ್ಕದಲ್ಲಿ ಸೇರಿಸಬಹುದು, ಆದರೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಪ್ರವಾಸದ ಮೊದಲ ವಾರದಲ್ಲಿ ಐದು ಊರು ಓಡಿ ನೋಡಿದೆ. ಒಂದರ ಮುಖವೂ ಈಗ ಸ್ಪಷ್ಟವಾಗಿಲ್ಲ. ಎರಡನೆಯ ವಾರ ಕೊನ್ಸೊದಲ್ಲಿ ಮಳೆಯಿಂದ ದಾರಿ ಕಟ್ಟಿ ನಾಲ್ಕು ದಿನ ಕೂತೆ. ಮೂರನೆಯ ದಿನ ಪಕ್ಕದ ಮನೆಯವರು ಕಾಫಿಗೆ ಕರೆದರು. ನೆಲಕ್ಕೆ ಹಸಿ ಹುಲ್ಲು ಹರಡಿ, ಧೂಪ ಹಾಕಿ, ಹಸಿ ಬೀಜವನ್ನು ನಮ್ಮೆದುರಿಗೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಪ್ರತಿಯೊಬ್ಬರ ಮುಖದ ಹತ್ತಿರ ತಂದು ವಾಸನೆ ತೋರಿಸಿ, ಒರಳಲ್ಲಿ ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಟ್ಟರು. ಮೂರನೆಯ ಸುತ್ತಿನ ಹೆಸರು ಬರಕ. ನಮ್ಮ ಬೀದರಿನ ದರ್ಗಾದ ಅಂಗಳದಲ್ಲಿ ಬರಕತ್ ಎನ್ನುತ್ತಾರಲ್ಲ, ಅದೇ ಮಾತು. ಎರಡು ಸುತ್ತಿಗೇ ಎದ್ದು ಹೋಗುವುದು ಸಲ್ಲದಂತೆ. ಆ ನಾಲ್ಕು ದಿನಗಳೇ ನನ್ನ ಇಥಿಯೋಪಿಯಾ.

ಲಸಿಕೆಯ ವಿಚಾರ ಓದಿದ ಮೇಲೆ, ನಿಮಗೆ ಮಲಾವಿಯೇ ಸರಿಯೆಂದು ತೋರುತ್ತದೆ. ನನ್ನ ದೇಶವನ್ನು ಬಿಟ್ಟುಕೊಟ್ಟು ಹೇಳುತ್ತಿದ್ದೇನೆ.

ಗಂಜ್ ಅಡತಿ (ಕಲಬುರಗಿ)

ಹಾಗಾದರೆ ಅಕ್ಕನವರಿಗಾಗಿ ಎರಡು ಸ್ಥಳ ಹೇಳಿಬಿಡುತ್ತೇನೆ. ಡೆಡ್ಜಾ ಊರಿನ ಹತ್ತಿರ ಚೊಂಗೋನಿ ಎಂಬ ಗುಡ್ಡಸಾಲಿನಲ್ಲಿ ಚಿತ್ರ ಬರೆದ 127 ಕಲ್ಲಾಸರೆಗಳಿವೆ. 2006ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಕೆಂಪು ಗೆರೆಗಳು ಬೇಟೆಗಾರ ಬಟ್ವಾ ಜನರವು. ಅವುಗಳ ಜೊತೆಗಿರುವ ಬಿಳಿ ಚಿತ್ರಗಳು ಚೆವಾ ಬೇಸಾಯಗಾರರವು, ಅವುಗಳಲ್ಲಿ ಬಹಳಷ್ಟನ್ನು ಹೆಣ್ಣುಮಕ್ಕಳು, ಮೈನೆರೆದ ಹುಡುಗಿಯರ ಶಾಸ್ತ್ರದ ಸಂದರ್ಭದಲ್ಲಿ ಬರೆದದ್ದು. ಜೋಳದ ಹಿಟ್ಟು, ಸುಣ್ಣಗಳಲ್ಲಿ ಗೋಡೆಗೆ ಬರೆಯುವ ನಮ್ಮ ತಾಯಂದಿರನ್ನು ಕಂಡವರಿಗೆ ಆ ಬಿಳಿ ಗೆರೆ ಬೇಗ ತಿಳಿಯುತ್ತದೆ.

ಇನ್ನೊಂದು ಸ್ಥಳ ಮುವಾ. 1976ರಲ್ಲಿ ಪಾದ್ರಿಯೊಬ್ಬರು ಅಲ್ಲಿ ಕುಂಗೋನಿ ಎಂಬ ಕಲಾಕೇಂದ್ರ ಶುರುಮಾಡಿದರು. ಮರಗೆತ್ತನೆಯವರು ಮರದ ನೆರಳಲ್ಲಿ ಕೂತು ಕೆಲಸ ಮಾಡುತ್ತಾರೆ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಗುಲೆ ವಮ್ಕುಲು ಕುಣಿತದ ಮುಖವಾಡಗಳಿವೆ. ಅದು ಚೆವಾ ಗಂಡಸರ ಗುಪ್ತಸಂಘದ ಕುಣಿತ, ಸತ್ತವರೂ ಕಾಡುಪ್ರಾಣಿಗಳೂ ಮುಖವಾಡದಲ್ಲಿ ಊರೊಳಗೆ ಬರುತ್ತವೆಂಬ ನಂಬಿಕೆ. ಜುಲೈ ಸುಗ್ಗಿಯ ನಂತರ, ಸಾವು, ಮದುವೆಗಳಲ್ಲಿ ಕುಣಿಯುತ್ತಾರೆ. ಹಾದಿಯಲ್ಲಿ ಮುಖವಾಡದವರು ಎದುರಾದರೆ ನಿಂತು ದಾರಿ ಬಿಡಬೇಕು. ಕೇಳದೆ ಚಿತ್ರ ತೆಗೆಯಬಾರದು. ನಮ್ಮಲ್ಲಿ ಮೈಮೇಲೆ ದೇವರು ಬಂದವರ ಮುಂದೆ ಮೊಬೈಲ್ ಹಿಡಿಯುತ್ತೇವೆಯೇ?

ಉಳಿದುಕೊಳ್ಳಲು ಹಳ್ಳಿಯವರೇ ನಡೆಸುವ ಸಣ್ಣ ಬಿಡಾರಗಳನ್ನು ಹುಡುಕಿ. ಖರೀದಿಯನ್ನು ಗೆತ್ತಿದವರ ಕೈಯಿಂದಲೇ ಮಾಡಿ. ಯಾರನ್ನು ಕಂಡರೂ ಮೊದಲು ಮುಲಿ ಬ್ವಾಂಜಿ ಎಂದು ಕ್ಷೇಮ ವಿಚಾರಿಸಿ, ಉತ್ತರ ಬರುವವರೆಗೆ ನಿಂತು, ಆಮೇಲೆ ದಾರಿಯನ್ನೋ ದರವನ್ನೋ ಕೇಳಬೇಕು.

ಭೀಮಾತೀರ ಅವರ ಮನೆಯವರು

ನಮಸ್ಕಾರ. ಇವರ ಖಾತೆಯಿಂದಲೇ ಬರೆಯುತ್ತಿದ್ದೇನೆ. ನಿರ್ಧಾರವಾಗಿದೆ: ಮಲಾವಿ, ಮೇ ಕೊನೆಯ ವಾರದಿಂದ ಮೂರು ವಾರ. ಮುವಾದಲ್ಲಿ ಐದು ದಿನ, ಚೊಂಗೋನಿಗೆ ಎರಡು, ಸರೋವರದ ದಡದಲ್ಲಿ ಒಂದು ವಾರ, ಉಳಿದದ್ದು ದಕ್ಷಿಣದ ತೊಗರಿ ಹಳ್ಳಿಗಳಲ್ಲಿ. ಎರೆಹೊಲದ ಅಣ್ಣನವರು ಕೇಳಿದ ನೆಟೆರೋಗದ ಪ್ರಶ್ನೆಗಳನ್ನು ನಾನೇ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಇವರು ಹಕ್ಕಿ ಕಂಡರೆ ಮಿಕ್ಕಿದ್ದನ್ನು ಮರೆಯುತ್ತಾರೆ. ಬೀಜದ ಬದಲು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುತ್ತೇವೆ.

ಒಂದೇ ಒಂದು ಕೊರತೆ ಇವರನ್ನು ಕಾಡುತ್ತಿದೆ. ಚಾತಕ ಇಲ್ಲಿಗೆ ಬರುವ ಹೊತ್ತಿನಲ್ಲಿ ನಾವು ಅಲ್ಲಿರುತ್ತೇವೆ, ಮತ್ತು ಆ ಹೊತ್ತಿಗೆ ಅಲ್ಲಿಂದ ಅದು ಹೊರಟುಹೋಗಿರುತ್ತದೆ. ಇಪ್ಪತ್ತೆರಡು ವರ್ಷ ತಪ್ಪದೆ ಬರೆದ ವಹಿಯಲ್ಲಿ ಈ ವರ್ಷದ ಸಾಲು ಖಾಲಿ ಉಳಿಯಬಾರದೆಂದು ಇವರ ಆಸೆ.

ಸಗರನಾಡು (ಶಹಾಪುರ)

ಅಕ್ಕನವರೇ, ವಹಿಯನ್ನು ನನಗೆ ಕೊಟ್ಟು ಹೋಗಿ. ಜೂನ್ ಒಂದರಿಂದ ದಿನವೂ ಬೆಳಿಗ್ಗೆ ಬೋನಾಳ ಕೆರೆಯ ಏರಿಯ ಮೇಲೆ ಇರುತ್ತೇನೆ. ಜಾಗ ಬೇರೆಯಾದ್ದರಿಂದ ಸಾಲಿನ ಪಕ್ಕ ಬೋನಾಳ ಎಂದು ಬರೆಯುತ್ತೇನೆ. ಸರ್ ಹೇಗೆ ಬರೆಯುತ್ತಾರೆ, ಗಂಟೆಯನ್ನೂ ನಮೂದಿಸುತ್ತಾರೆಯೇ ಎಂಬುದನ್ನು ಮಾತ್ರ ತಿಳಿಸಿ.

ಭೀಮಾತೀರ (ಕಲಬುರಗಿ)

ಗಂಟೆ, ಗಾಳಿಯ ದಿಕ್ಕು, ಹಿಂದಿನ ರಾತ್ರಿ ಮಳೆ ಬಂದಿತ್ತೇ ಎಂಬುದು. ಪೆನ್ಸಿಲ್‌ನಲ್ಲಿ ಬರೆಯಮ್ಮ, ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ. ಬರುವ ಭಾನುವಾರ ಶಹಾಪುರಕ್ಕೆ ನಾನೇ ಬಂದು ವಹಿ ಕೊಡುತ್ತೇನೆ.